ಬೂಟ್ ಡಿಸ್ಕಿಗೆ ಪೋರ್ಟ್ ಸಾಲುತ್ತಿಲ್ಲವೇ? ಮೊದಲು ಡಿಸ್ಕುಗಳನ್ನು ಎಣಿಸಿ

ಪ್ರಶ್ನೆ: ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಒಂದು ಮೂಲೆ ಸೇರಿದೆ. ಇಂಟೆಲ್ ಐ5-6500 ಪ್ರೊಸೆಸರ್, 8 ಜಿಬಿ ರ‍್ಯಾಮ್, ಮದರ್‌ಬೋರ್ಡಿನಲ್ಲಿ ಡಿಸ್ಕು ಜೋಡಿಸಲು ನಾಲ್ಕು ಸಾಟಾ ಪೋರ್ಟುಗಳು, ಪುಟ್ಟ ಎಸ್‌ಎಸ್‌ಡಿ ಕೂಡಿಸುವ ಎಂ.2 ಸ್ಲಾಟ್ ಇಲ್ಲ. ವಿಂಡೋಸ್ 11 ಇದನ್ನು ಒಪ್ಪುವುದಿಲ್ಲವಾದ್ದರಿಂದ ಇದನ್ನು ಫೈಲ್ ಸರ್ವರ್ ಮಾಡಬೇಕೆಂದಿದ್ದೇನೆ. ಫೋಟೊ, ವಿಡಿಯೊ, ಕಾಗದಪತ್ರ, ಮೂರು ಕಂಪ್ಯೂಟರುಗಳ ಬ್ಯಾಕಪ್ ಎಲ್ಲ ಸೇರಿ ಈಗ ಸುಮಾರು 3 ಟಿಬಿ ಇದೆ. 4 ಟಿಬಿಯ ಎರಡು ಹಳೆಯ ಹಾರ್ಡ್ ಡಿಸ್ಕುಗಳು ಕೈಯಲ್ಲಿವೆ. ಅಂಥವೇ ಇನ್ನೆರಡನ್ನು ಕೊಂಡು, ನಾಲ್ಕನ್ನೂ ಸೇರಿಸಿ ಟ್ರೂನ್ಯಾಸ್ ಎಂಬ ಫೈಲ್ ಸರ್ವರ್ ಆಪರೇಟಿಂಗ್ ಸಿಸ್ಟಮ್ ಹಾಕುವ ಯೋಚನೆ. ನಾಲ್ಕೂ ಪೋರ್ಟುಗಳು ಡಿಸ್ಕುಗಳಿಗೇ ಹೋಗುವುದರಿಂದ ಆಪರೇಟಿಂಗ್ ಸಿಸ್ಟಮನ್ನು ಪೆನ್‌ಡ್ರೈವಿನಲ್ಲಿ ಇಡಬಹುದೇ? ಡಿಸ್ಕುಗಳನ್ನು ಒಟ್ಟುಗೂಡಿಸುವ ರೇಡ್ ಕಾರ್ಡ್ ಬೇಕೇ? ಇಸಿಸಿ ರ‍್ಯಾಮ್ ಇಲ್ಲದೆ ಟ್ರೂನ್ಯಾಸಿನ ಫೈಲ್ ಸಿಸ್ಟಮ್ ಆದ ಝಡ್‌ಎಫ್‌ಎಸ್ ಬಳಸಿದರೆ ಎಲ್ಲವೂ ಹಾಳಾಗುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ಪೆನ್‌ಡ್ರೈವ್ ಬೇಡ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತದ್ದು ಪೆನ್‌ಡ್ರೈವಿನ ಮೇಲಲ್ಲ, ‘3 ಟಿಬಿ’ ಎಂಬ ಅಂಕಿಯ ಮೇಲೆ. ಮೂರು ಟಿಬಿ ಇಡುವುದಕ್ಕೆ ನಾಲ್ಕು ಡಿಸ್ಕು ಏಕೆ? ಇದಕ್ಕೆ ಉತ್ತರ ಹುಡುಕಿದರೆ ನಿಮ್ಮ ಉಳಿದ ತೊಡಕುಗಳಲ್ಲಿ ಅರ್ಧದಷ್ಟು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಅಲ್ಲಿಗೆ ಬರುತ್ತೇನೆ. ಮೊದಲು ಪೆನ್‌ಡ್ರೈವಿನ ವಿಚಾರ ಇತ್ಯರ್ಥ ಮಾಡೋಣ.

ನನ್ನ ಮೊದಲ ಸರ್ವರ್ ಪೆನ್‌ಡ್ರೈವಿನಿಂದಲೇ ಬೂಟ್ ಆಗುತ್ತಿತ್ತು. ವರ್ಷದ ಮೇಲೆ ಚೆನ್ನಾಗಿಯೇ ನಡೆಯಿತು. ಒಂದು ಸಂಜೆ ರೀಸ್ಟಾರ್ಟ್ ಕೊಟ್ಟೆ, ಯಂತ್ರ ಮೇಲೇಳಲಿಲ್ಲ. ಪೆನ್‌ಡ್ರೈವ್ ಅದೆಂದು ಪ್ರಾಣ ಬಿಟ್ಟಿತ್ತೋ! ಬೇಕಾದ ಪ್ರೋಗ್ರಾಮುಗಳೆಲ್ಲ ಆಗಲೇ ರ‍್ಯಾಮ್‌ನಲ್ಲಿ ಕುಳಿತಿದ್ದರಿಂದ ಫೈಲುಗಳು ಎಂದಿನಂತೆ ಬರುತ್ತಲೇ ಇದ್ದವು, ನನಗೆ ಸುಳಿವೇ ಸಿಕ್ಕಿರಲಿಲ್ಲ. ಡಿಸ್ಕುಗಳಲ್ಲಿದ್ದ ಫೈಲುಗಳಿಗೆ ಏನೂ ಆಗಿರಲಿಲ್ಲ ಎನ್ನಿ. ಆದರೆ ಬಳಕೆದಾರರ ಹೆಸರು, ಅನುಮತಿಗಳು, ಶೇರ್‌ಗಳ (ನೆಟ್‌ವರ್ಕಿನಲ್ಲಿ ಹಂಚಿಕೊಂಡ ಫೋಲ್ಡರುಗಳ) ವಿವರ ಎಲ್ಲ ಇದ್ದ ಕಾನ್ಫಿಗರೇಶನ್ ಫೈಲಿನ ಪ್ರತಿಯನ್ನು ನಾನು ಅದೇ ಸರ್ವರಿನ ಒಂದು ಫೋಲ್ಡರಿನಲ್ಲಿ ಜೋಪಾನವಾಗಿ ಇಟ್ಟಿದ್ದೆ. ಪೆಟ್ಟಿಗೆಯ ಕೀಲಿಕೈಯನ್ನು ಪೆಟ್ಟಿಗೆಯೊಳಗೇ ಹಾಕಿ ಬೀಗ ಒತ್ತಿದ ಜಾಣತನ. ಬೇರೆ ಸಾಧನದ ಮೇಲೆ ಹೊಸದಾಗಿ ಇನ್‌ಸ್ಟಾಲ್ ಮಾಡಿ, ಪೂಲನ್ನು (ಝಡ್‌ಎಫ್‌ಎಸ್ ಒಂದುಗೂಡಿಸಿದ ಡಿಸ್ಕುಗಳ ಗುಂಪನ್ನು) ಇಂಪೋರ್ಟ್ ಮಾಡಿ, ಆ ಫೋಲ್ಡರನ್ನು ಹುಡುಕಿ ತೆಗೆಯುವ ಹೊತ್ತಿಗೆ ನಡುರಾತ್ರಿ ದಾಟಿತ್ತು.

ಪೆನ್‌ಡ್ರೈವಿನದು ತಪ್ಪೂ ಅಲ್ಲ. ಅದು ಹುಟ್ಟಿದ್ದೇ ದೊಡ್ಡ ಫೈಲೊಂದನ್ನು ಒಮ್ಮೆ ಬರೆದು, ಜೇಬಿನಲ್ಲಿಟ್ಟುಕೊಂಡು ಹೋಗಿ, ಇನ್ನೊಂದು ಕಡೆ ಓದುವುದಕ್ಕೆ. ಆಪರೇಟಿಂಗ್ ಸಿಸ್ಟಮ್ ಹಾಗಲ್ಲ. ಲಾಗ್, ಅಂಕಿಅಂಶ, ಸಣ್ಣ ಡೇಟಾಬೇಸ್ ಎಂದು ಹಗಲಿರುಳೂ ಕೆಲವೇ ಕಿಲೋಬೈಟುಗಳ ಚಿಲ್ಲರೆ ಬರಹ ನಡೆದೇ ಇರುತ್ತದೆ. ಫ್ಲ್ಯಾಶ್ ಮೆಮೊರಿಯಲ್ಲಿ ಇರುವುದನ್ನು ಹಾಗೆಯೇ ತಿದ್ದಲು ಬರುವುದಿಲ್ಲ, ಇಡೀ ಬ್ಲಾಕನ್ನು ಅಳಿಸಿ ಮತ್ತೆ ಬರೆಯಬೇಕು. 4 ಕೆಬಿ ಬದಲಾಯಿಸಲು ಹೋಗಿ ಅದರ ನೂರಾರು ಪಟ್ಟು ಜಾಗವನ್ನು ಸವೆಸುವುದು ಹೀಗೆ. ಎಸ್‌ಎಸ್‌ಡಿಯ ಕಂಟ್ರೋಲರ್ ಈ ಸವೆತವನ್ನು ಇಡೀ ಡಿಸ್ಕಿಗೆ ಸಮನಾಗಿ ಹಂಚುತ್ತದೆ, ಬಿಡಿ ಬ್ಲಾಕುಗಳನ್ನು ಮೀಸಲಿಟ್ಟುಕೊಂಡಿರುತ್ತದೆ, ತನ್ನ ಆರೋಗ್ಯದ ವರದಿಯನ್ನು ಸ್ಮಾರ್ಟ್ ಎಂಬ ಸ್ವಯಂ ತಪಾಸಣೆಯ ಮೂಲಕ ಕೊಡುತ್ತದೆ. ಸಾಮಾನ್ಯ ಪೆನ್‌ಡ್ರೈವಿನಲ್ಲಿ ಮೊದಲ ಎರಡು ಹೆಸರಿಗಷ್ಟೇ. ಮೂರನೆಯದು ಇಲ್ಲವೇ ಇಲ್ಲ. ಅಂದರೆ ಅದು ಹೇಳದೆ ಕೇಳದೆ ಸಾಯುತ್ತದೆ.

ಹಾಗಿದ್ದರೆ ಇಷ್ಟೊಂದು ಮಂದಿ ಪೆನ್‌ಡ್ರೈವ್ ಸಾಕು ಎಂದೇಕೆ ಬರೆದಿದ್ದಾರೆ? ಒಂದು ಕಾಲಕ್ಕೆ ಅದು ಸರಿಯಾದ ಸಲಹೆಯೇ ಆಗಿತ್ತು. ಟ್ರೂನ್ಯಾಸಿನ ಹಿಂದಿನ ಅವತಾರವಾದ ಫ್ರೀನ್ಯಾಸ್ ಬಹುಕಾಲ ಬೂಟ್ ಸಾಧನವನ್ನು ಓದಲಷ್ಟೇ ಬಳಸುತ್ತಿತ್ತು, ಬರೆಯುವುದೆಲ್ಲ ರ‍್ಯಾಮ್‌ನಲ್ಲಿ. 2014ರ ಕೊನೆಗೆ ಬಂದ 9.3 ಆವೃತ್ತಿಯಲ್ಲಿ ಬೂಟ್ ಸಾಧನವೂ ಝಡ್‌ಎಫ್‌ಎಸ್ ಪೂಲ್ ಆಯಿತು. ಅದರಿಂದ ಹಳೆಯ ಆವೃತ್ತಿಗೆ ಸುಲಭವಾಗಿ ಹಿಂದಿರುಗುವ ಅನುಕೂಲ ಸಿಕ್ಕಿತು. ಜೊತೆಗೆ ಬರಹದ ಹೊರೆಯೂ ಬಿತ್ತು, ಪೆನ್‌ಡ್ರೈವುಗಳು ಸಾಲುಸಾಲಾಗಿ ಉದುರಲಾರಂಭಿಸಿದವು. ಸಲಹೆ ಮಾತ್ರ ಹಳೆಯ ಬರಹಗಳಲ್ಲಿ ಹಾಗೆಯೇ ಉಳಿದುಬಿಟ್ಟಿದೆ. ಇಂಥದೇ ಇನ್ನೊಂದು ವ್ಯವಸ್ಥೆಯಾದ ಅನ್‌ರೇಡ್ ಮಾತು ಬೇರೆ: ಅದು ಪೆನ್‌ಡ್ರೈವಿನಿಂದ ರ‍್ಯಾಮ್‌ಗೆ ಪೂರ್ತಿ ಇಳಿದು ಓಡುವಂತೆಯೇ ರೂಪುಗೊಂಡದ್ದು, ಪರವಾನಗಿಯನ್ನೂ ಪೆನ್‌ಡ್ರೈವಿನ ಗುರುತಿಗೇ ಕಟ್ಟಿಕೊಂಡು ಬೆಳೆದದ್ದು. ಮತ್ತೊಂದಾದ ಓಪನ್‌ಮೀಡಿಯಾವಾಲ್ಟ್‌ಗೆ ಬರಹಗಳನ್ನು ರ‍್ಯಾಮ್‌ನಲ್ಲಿ ತಡೆದಿಡುವ ಪ್ಲಗಿನ್ ಇದೆ. ಅದನ್ನು ಹಾಕಿಕೊಂಡರೆ ಪೆನ್‌ಡ್ರೈವ್ ಬಹಳ ದಿನ ಬಾಳುತ್ತದೆ. ನೀವು ಟ್ರೂನ್ಯಾಸ್ ಎಂದಿದ್ದೀರಿ, ಆದ್ದರಿಂದ ಎಸ್‌ಎಸ್‌ಡಿ.

ಎಂಥ ಎಸ್‌ಎಸ್‌ಡಿ? ಸಿಗುವುದರಲ್ಲಿ ಚಿಕ್ಕದು. ಟ್ರೂನ್ಯಾಸ್ ಕೇಳುವ ಕನಿಷ್ಠ ಗಾತ್ರ 16 ಜಿಬಿ. 120 ಅಥವಾ 128 ಜಿಬಿಯ ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಧಾರಾಳವಾಯಿತು. ಲ್ಯಾಪ್‌ಟಾಪಿನಿಂದ ಕಳಚಿಟ್ಟ ಹಳೆಯದೊಂದು ಇದ್ದರೆ ಅದೇ ಸಾಕು. ದೊಡ್ಡದನ್ನು ಕೊಂಡು ಉಳಿದ ಜಾಗದಲ್ಲಿ ಫೈಲು ಇಡೋಣ ಎಂದುಕೊಳ್ಳಬೇಡಿ. ಟ್ರೂನ್ಯಾಸ್ ಬೂಟ್ ಸಾಧನವನ್ನು ಇಡಿಯಾಗಿ ತನ್ನದಾಗಿಸಿಕೊಳ್ಳುತ್ತದೆ. ವೇಗದ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿಗೆ ಹಣ ಸುರಿಯುವುದೂ ದಂಡ. ಬೂಟ್ ಡಿಸ್ಕಿನ ವೇಗ ಕೆಲಸಕ್ಕೆ ಬರುವುದು ತಿಂಗಳಿಗೊಮ್ಮೆ ರೀಸ್ಟಾರ್ಟ್ ಮಾಡಿದಾಗ, ಅದೂ ಅರ್ಧ ನಿಮಿಷ ಉಳಿಸಲು.

ಬೂಟ್ ಡಿಸ್ಕನ್ನು ಜೋಡಿ ಮಾಡಿ ಮಿರರ್ (ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ) ಹಾಕಬೇಕೇ ಎಂದು ಮುಂದೆ ಕೇಳುತ್ತೀರಿ. ಸರ್ವರ್ ನೀವು ಕೂತಲ್ಲೇ ಇದ್ದರೆ ಬೇಡ ಎಂಬುದೇ ನನ್ನ ಅಭಿಪ್ರಾಯ. ನೂರಾರು ಮೈಲಿ ದೂರದಲ್ಲಿದ್ದು ನೀವು ಹೋಗಿ ಮುಟ್ಟಲಾಗದಿದ್ದರೆ ಮಾತ್ರ ಬೇಕು. ಅದಕ್ಕಿಂತ ಮುಖ್ಯವಾದದ್ದು, ಸೆಟ್ಟಿಂಗ್ ಬದಲಾಯಿಸಿದಾಗಲೆಲ್ಲ ಕಾನ್ಫಿಗರೇಶನ್ ಫೈಲನ್ನು ಇಳಿಸಿಕೊಂಡು ಬೇರೆ ಕಂಪ್ಯೂಟರಿನಲ್ಲಿ ಇಡುವುದು. ಇಳಿಸಿಕೊಳ್ಳುವಾಗ ‘ಸೀಕ್ರೆಟ್ ಸೀಡ್’ ಸೇರಿಸಬೇಕೇ ಎಂದು ಅದು ಕೇಳುತ್ತದೆ, ಹೌದು ಎನ್ನಿ. ಇಲ್ಲದಿದ್ದರೆ ಒಳಗಿನ ಪಾಸ್‌ವರ್ಡುಗಳು ಹೊಸ ಇನ್‌ಸ್ಟಾಲಿನಲ್ಲಿ ತೆರೆಯುವುದಿಲ್ಲ. ಡೇಟಾಸೆಟ್ಟನ್ನು (ಪೂಲಿನೊಳಗಿನ ವಿಭಾಗವನ್ನು) ಎನ್‌ಕ್ರಿಪ್ಟ್ ಮಾಡಿ, ಪಾಸ್‌ಫ್ರೇಸ್ ಬದಲು ಕೀ ಫೈಲ್ ಆರಿಸಿಕೊಂಡಿದ್ದರೆ ಆ ಕೀ ಇರುವುದೂ ಬೂಟ್ ಡಿಸ್ಕಿನಲ್ಲೇ. ಬೂಟ್ ಡಿಸ್ಕ್ ಹೋದರೆ ದತ್ತಾಂಶಕ್ಕೆ ಏನೂ ಆಗುವುದಿಲ್ಲ ಎಂಬ ಮಾತು ಸುಳ್ಳಾಗುವುದು ಇದೊಂದು ಕಡೆ. ಕೀ ಫೈಲನ್ನು ಇಳಿಸಿಟ್ಟುಕೊಳ್ಳದವನ ಡಿಸ್ಕುಗಳು ಚೆನ್ನಾಗಿಯೇ ಇರುತ್ತವೆ, ಒಂದು ಫೋಟೊ ಕೂಡ ತೆರೆಯುವುದಿಲ್ಲ.

ಈಗ ಡಿಸ್ಕುಗಳ ಎಣಿಕೆ. ನಿಮ್ಮ ಯೋಜನೆಯಂತೆ 4 ಟಿಬಿಯ ನಾಲ್ಕನ್ನು ರೇಡ್‌ಝಡ್1ರಲ್ಲಿ (ಒಂದು ಡಿಸ್ಕಿನಷ್ಟು ಜಾಗವನ್ನು ರಕ್ಷಣೆಗೆ ಬಿಟ್ಟುಕೊಡುವ ಕ್ರಮದಲ್ಲಿ) ಜೋಡಿಸಿದರೆ ಸಿಗುವುದು 12 ಟಿಬಿ, ತಡೆದುಕೊಳ್ಳುವುದು ಒಂದು ಡಿಸ್ಕಿನ ಸಾವನ್ನು. ಇದರ ಬದಲು 8 ಟಿಬಿಯ ಎರಡನ್ನು ಕೊಂಡು ಮಿರರ್ ಮಾಡಿದರೆ ಸಿಗುವುದು 8 ಟಿಬಿ, ತಡೆದುಕೊಳ್ಳುವುದು ಅದೇ ಒಂದು ಸಾವನ್ನು. ಕಂಪ್ಯೂಟರ್ ಇದನ್ನು ಸುಮಾರು 7.3 ಎಂದು ತೋರಿಸುತ್ತದೆ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ, ಮೋಸವೇನಿಲ್ಲ. ಝಡ್‌ಎಫ್‌ಎಸ್ ಪೂಲನ್ನು ಶೇಕಡಾ 80ಕ್ಕಿಂತ ಹೆಚ್ಚು ತುಂಬಿಸಬಾರದು ಎಂಬ ರೂಢಿಯನ್ನು ಪಾಲಿಸಿದರೂ ನಿಮ್ಮ 3 ಟಿಬಿ ದುಪ್ಪಟ್ಟಾಗುವವರೆಗೆ ಹೆಚ್ಚುಕಡಿಮೆ ಚಿಂತೆಯಿಲ್ಲ.

ಎರಡೇ ಡಿಸ್ಕು ಎಂದರೆ ಶಬ್ದ ಕಡಿಮೆ, ಬಿಸಿ ಕಡಿಮೆ, ಕರೆಂಟು ಕಡಿಮೆ. ತಿರುಗುತ್ತಿರುವ ಒಂದು 3.5 ಇಂಚಿನ ಡಿಸ್ಕು ಸುಮ್ಮನೆ ಕೂತಾಗಲೂ ನಾಲ್ಕೈದು ವಾಟ್ ತಿನ್ನುತ್ತದೆ, ವರ್ಷದ 8,760 ಗಂಟೆಯೂ. ಎಲ್ಲಕ್ಕಿಂತ ನನಗೆ ಇಷ್ಟವಾಗುವುದು ಇದು: ನಾಲ್ಕು ಪೋರ್ಟುಗಳಲ್ಲಿ ಎರಡು ಡಿಸ್ಕುಗಳಿಗೆ ಹೋದವು, ಒಂದು ಬೂಟ್ ಎಸ್‌ಎಸ್‌ಡಿಗೆ, ಇನ್ನೊಂದು ಖಾಲಿ ಉಳಿಯಿತು. ಆ ಖಾಲಿ ಪೋರ್ಟಿನ ಬೆಲೆ ಡಿಸ್ಕೊಂದು ಮುದಿಯಾದಾಗ ತಿಳಿಯುತ್ತದೆ. ಹಳೆಯದನ್ನು ಕೀಳದೆಯೇ ಹೊಸದನ್ನು ಪಕ್ಕದಲ್ಲಿ ಸಿಕ್ಕಿಸಿ ಬದಲಾಯಿಸುವಂತೆ ಝಡ್‌ಎಫ್‌ಎಸ್‌ಗೆ ಹೇಳಬಹುದು. ನಕಲು ಮುಗಿಯುವವರೆಗೆ ಹಳೆಯದೂ ತನ್ನ ಕೈಲಾದಷ್ಟು ದುಡಿಯುತ್ತದೆ. ನಾಲ್ಕೂ ಪೋರ್ಟು ತುಂಬಿದ್ದರೆ ಮೊದಲು ಒಂದನ್ನು ಕಿತ್ತು, ರಕ್ಷಣೆಯೇ ಇಲ್ಲದ ಸ್ಥಿತಿಯಲ್ಲಿ, ಉಸಿರು ಬಿಗಿಹಿಡಿದು ಕಾಯಬೇಕು.

ಕೈಯಲ್ಲಿರುವ 4 ಟಿಬಿಯ ಎರಡು ಡಿಸ್ಕುಗಳು ವ್ಯರ್ಥವಾಗುವುದಿಲ್ಲ. ಅವೇ ನಿಮ್ಮ ಬ್ಯಾಕಪ್. ಮಿರರ್ ಎಂಬುದು ಡಿಸ್ಕು ಸತ್ತರೆ ಕಾಯುತ್ತದೆ. ನೀವೇ ತಪ್ಪಿ ಅಳಿಸಿದರೆ ಎರಡೂ ಡಿಸ್ಕಿನಲ್ಲಿ ಅಷ್ಟೇ ಶ್ರದ್ಧೆಯಿಂದ ಅಳಿಸುತ್ತದೆ. ಸಿಡಿಲು, ಕಳ್ಳ, ನೀರು ಇವುಗಳಿಗೂ ಅದು ಮದ್ದಲ್ಲ. ಹಳೆಯ ಡಿಸ್ಕುಗಳನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿ ಹಾಕಿ, ಒಂದನ್ನು ಮನೆಯಲ್ಲಿ, ಇನ್ನೊಂದನ್ನು ನಂಬಿಕೆಯ ಬಂಧುಗಳ ಮನೆಯಲ್ಲಿ ಇಟ್ಟು, ತಿಂಗಳಿಗೊಮ್ಮೆ ಅದಲುಬದಲು ಮಾಡಿ. ಹೊರಗೆ ಹೋಗುವ ಡಿಸ್ಕು ಎನ್‌ಕ್ರಿಪ್ಟ್ ಆಗಿರಲಿ.

ಹಳೆಯವನ್ನೇ ಪೂಲಿಗೆ ಸೇರಿಸಬಾರದೇ ಎಂದರೆ, ಅವುಗಳ ಮಾದರಿ ಸಂಖ್ಯೆ ನೋಡದೆ ನಾನು ಒಪ್ಪುವುದಿಲ್ಲ. ಡೆಸ್ಕ್‌ಟಾಪಿಗೆಂದು ಮಾರಿದ ಆ ಗಾತ್ರದ ಎಷ್ಟೋ ಡಿಸ್ಕುಗಳು ಎಸ್‌ಎಂಆರ್ ಬಗೆಯವು. ಮನೆಯ ಹೆಂಚು ಒಂದರ ಮೇಲೊಂದು ಹೊದ್ದಿರುವಂತೆ ಇವುಗಳಲ್ಲಿ ಬರಹದ ಪಟ್ಟಿಗಳು ಒಂದರ ಅಂಚಿನ ಮೇಲೆ ಒಂದು ಕೂತಿರುತ್ತವೆ. ನಡುವಿನ ಒಂದು ಹೆಂಚು ಬದಲಾಯಿಸಬೇಕೆಂದರೆ ಅದರ ಮೇಲಿನವನ್ನೆಲ್ಲ ಎತ್ತಿ ಮತ್ತೆ ಹೊದಿಸಬೇಕು. ಮಾಮೂಲಿ ಬಳಕೆಯಲ್ಲಿ ಗೊತ್ತಾಗುವುದಿಲ್ಲ. ಡಿಸ್ಕು ಬದಲಾಯಿಸಿ ಪೂಲನ್ನು ಮತ್ತೆ ಕಟ್ಟುವಾಗ ಗಂಟೆಗಳ ಕೆಲಸ ದಿನಗಟ್ಟಲೆ ಎಳೆಯುತ್ತದೆ, ಕೆಲವೊಮ್ಮೆ ಡಿಸ್ಕು ಉತ್ತರ ಕೊಡುವುದನ್ನೇ ನಿಲ್ಲಿಸಿ ಪೂಲಿನಿಂದ ಹೊರಬೀಳುತ್ತದೆ. ‘ನ್ಯಾಸ್‌ಗೆಂದೇ ಮಾಡಿದ್ದು’ (ನ್ಯಾಸ್ ಎಂದರೆ ಇಂಥ ಫೈಲ್ ಸರ್ವರ್) ಎಂಬ ಚೀಟಿಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ ಕೆಲವು ಡಿಸ್ಕುಗಳು ಎಸ್‌ಎಂಆರ್ ಎಂಬುದು 2020ರಲ್ಲಿ ಬಯಲಾಗಿ ದೊಡ್ಡ ಗದ್ದಲವೇ ಆಯಿತು. ಆಮೇಲೆ ಪಟ್ಟಿಗಳು ಒಂದರ ಮೇಲೊಂದು ಹೊದ್ದಿರದ ಸಿಎಂಆರ್ ಡಿಸ್ಕುಗಳಿಗೆ ರೆಡ್ ಪ್ಲಸ್ ಎಂಬ ಪ್ರತ್ಯೇಕ ಹೆಸರು ಬಂತು. ಕೊಳ್ಳುವ ಮುನ್ನ ತಯಾರಕರ ವಿವರಪಟ್ಟಿಯಲ್ಲಿ ಸಿಎಂಆರ್ ಎಂಬ ಮೂರಕ್ಷರ ಕಣ್ಣಾರೆ ನೋಡಿ. ಬ್ಯಾಕಪ್ಪಿನಂಥ ನಿಧಾನದ ಕೆಲಸಕ್ಕೆ ಎಸ್‌ಎಂಆರ್ ಸಾಕು. ಹೊಸ ಡಿಸ್ಕುಗಳೆರಡನ್ನೂ ಒಂದೇ ದಿನ ಒಂದೇ ಕಡೆ ಕೊಳ್ಳದಿದ್ದರೆ ಒಳ್ಳೆಯದು. ಒಂದೇ ತಂಡದಲ್ಲಿ ತಯಾರಾದವು ಒಂದೇ ರೋಗಕ್ಕೆ ಒಟ್ಟಿಗೆ ಬೀಳುವುದುಂಟು.

ಇಲ್ಲ, ನಾಲ್ಕು ಡಿಸ್ಕು ಬೇಕೇ ಬೇಕು ಎಂದಿರಾದರೆ ಬೂಟ್‌ಗೆ ಎರಡು ದಾರಿಗಳಿವೆ. ನಿಮ್ಮ ಬೋರ್ಡಿನಲ್ಲಿ ಖಾಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಖಂಡಿತ ಇರುತ್ತದೆ, ಎಕ್ಸ್1 ಆದರೂ ಸರಿ. ಅದರಲ್ಲಿ ಎಂ.2 ಅಡಾಪ್ಟರ್ ಹಾಕಿ ಪುಟ್ಟ ಎನ್‌ವಿಎಂಇ ಕೂಡಿಸಬಹುದು. ಬಯಾಸ್ ಅದರಿಂದ ಬೂಟ್ ಆಗಲು ಒಪ್ಪುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಆ ಕಾಲದ ಬೋರ್ಡುಗಳಲ್ಲಿ ಹೆಚ್ಚಿನವು ಯುಇಎಫ್‌ಐ ಎಂಬ ಹೊಸ ಬೂಟ್ ಕ್ರಮದಲ್ಲಿ ಒಪ್ಪುತ್ತವೆ. ಇನ್ನೊಂದು ದಾರಿ, ಸಾಟಾ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಬಲ್ಲಿನ ಮೂಲಕ ಹಿಂಬದಿಯ ಪೋರ್ಟಿಗೆ ಜೋಡಿಸುವುದು. ನೋಡಲು ಚೆಂದವಿಲ್ಲ, ಯಾರಾದರೂ ಗುಡಿಸುವಾಗ ಕೇಬಲ್ ಎಳೆದರೆ ಕಥೆ ಮುಗಿಯಿತು. ಆದರೂ ಪೆನ್‌ಡ್ರೈವಿಗಿಂತ ಎಷ್ಟೋ ಮೇಲು. ಎಂ.2 ಸ್ಲಾಟ್ ಇರುವ ಬೋರ್ಡು ಕೊಳ್ಳುವ ಓದುಗರಿಗೆ ಒಂದು ಕಿವಿಮಾತು: ಎಂ.2 ತುಂಬಿದೊಡನೆ ಸಾಟಾ ಪೋರ್ಟೊಂದು ಸದ್ದಿಲ್ಲದೆ ನಿಷ್ಕ್ರಿಯವಾಗುವ ಬೋರ್ಡುಗಳು ಬೇಕಾದಷ್ಟಿವೆ. ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ರೇಡ್ ಕಾರ್ಡ್ ಬೇಡವೇ ಬೇಡ. ಝಡ್‌ಎಫ್‌ಎಸ್‌ಗೆ ಡಿಸ್ಕುಗಳು ನೇರವಾಗಿ ಕಾಣಬೇಕು. ಪ್ರತಿ ಬ್ಲಾಕಿನ ಚೆಕ್‌ಸಮ್ (ತಪ್ಪು ಹಿಡಿಯುವ ತಾಳೆಸಂಖ್ಯೆ) ನೋಡಿ, ಒಂದು ಡಿಸ್ಕು ಕೊಟ್ಟದ್ದು ತಪ್ಪಾದರೆ ಇನ್ನೊಂದರಿಂದ ತಂದು ಸರಿಪಡಿಸುವುದು ಅದರ ಕಸುಬು. ರೇಡ್ ಕಾರ್ಡ್ ನಡುವೆ ಪರದೆ ಎಳೆದು ಎಲ್ಲವನ್ನೂ ಒಂದೇ ಡಿಸ್ಕೆಂದು ತೋರಿಸಿದರೆ ಆ ಕಸುಬಿಗೆ ಕೈ ಕಟ್ಟಿದಂತೆ. ಕಾರ್ಡೇ ಸತ್ತರೆ ಅದೇ ಬಗೆಯ ಇನ್ನೊಂದನ್ನು ಹುಡುಕಿಕೊಂಡು ಅಲೆಯಬೇಕು. ಮುಂದೊಂದು ದಿನ ಆರೆಂಟು ಡಿಸ್ಕುಗಳಾದರೆ ಎಚ್‌ಬಿಎ, ಅಂದರೆ ಡಿಸ್ಕುಗಳನ್ನು ಮರೆಮಾಡದೆ ಪೋರ್ಟುಗಳನ್ನಷ್ಟೇ ಹೆಚ್ಚಿಸುವ ಕಾರ್ಡು, ಕೊಳ್ಳಿ. ಎಲ್‌ಎಸ್‌ಐ 9211-8ಐ, 9207-8ಐ ಬಗೆಯ ಬಳಸಿದ ಕಾರ್ಡುಗಳು ಡಿಸ್ಕುಗಳನ್ನು ನೇರವಾಗಿ ಕಾಣಿಸುವ ಐಟಿ ಮೋಡ್ ಫರ್ಮ್‌ವೇರಿನೊಂದಿಗೆ ಸಿಗುತ್ತವೆ. ಇವು ಸರ್ವರುಗಳ ಜೋರು ಗಾಳಿಗೆ ಹೇಳಿ ಮಾಡಿಸಿದವು. ಡೆಸ್ಕ್‌ಟಾಪ್ ಪೆಟ್ಟಿಗೆಯಲ್ಲಿ ಮುಟ್ಟಿದರೆ ಕೈ ಸುಡುವಷ್ಟು ಕಾಯುತ್ತವೆ, ಪಕ್ಕದಲ್ಲಿ ಸಣ್ಣ ಫ್ಯಾನ್ ಇಡಿ. ಒಂದೇ ಸಾಟಾ ದಾರಿಯನ್ನು ಐದಕ್ಕೆ ಹಂಚುವ ಪೋರ್ಟ್ ಮಲ್ಟಿಪ್ಲೈಯರ್‌ಗಳಿಂದ ದೂರವಿರಿ.

ಇಸಿಸಿ ವಿಚಾರದಲ್ಲಿ ನಿಮ್ಮನ್ನು ಯಾರೋ ಹೆದರಿಸಿದ್ದಾರೆ. ರ‍್ಯಾಮ್‌ನಲ್ಲಿ ಒಂದು ಬಿಟ್ ತಿರುಗಿಬಿದ್ದರೆ ಅದನ್ನು ಹಿಡಿದು ಸರಿಪಡಿಸುವುದು ಇಸಿಸಿಯ ಕೆಲಸ. ಅದು ಒಳ್ಳೆಯದೇ, ಎಲ್ಲ ಫೈಲ್ ಸಿಸ್ಟಮ್‌ಗಳಿಗೂ ಒಳ್ಳೆಯದು. ಇಸಿಸಿ ಇಲ್ಲದಾಗ ಝಡ್‌ಎಫ್‌ಎಸ್ ಉಳಿದವುಗಳಿಗಿಂತ ಹೆಚ್ಚು ಅಪಾಯಕಾರಿ ಎಂಬುದು ಮಾತ್ರ ಕಟ್ಟುಕಥೆ. ಝಡ್‌ಎಫ್‌ಎಸ್ ರೂಪಿಸಿದವರಲ್ಲಿ ಒಬ್ಬರಾದ ಮ್ಯಾಥ್ಯೂ ಆರೆನ್ಸ್ ಅವರೇ ಇದನ್ನು ಅಲ್ಲಗಳೆದಿದ್ದಾರೆ. ನಿಮ್ಮ ಐ5-6500ಕ್ಕಂತೂ ಇಸಿಸಿ ಬರುವುದಿಲ್ಲ. ತಮಾಷೆಯೆಂದರೆ ಅದೇ ತಲೆಮಾರಿನ ಅಗ್ಗದ ಐ3-6100ಕ್ಕೆ, ಸರ್ವರ್ ಬೋರ್ಡ್ ಸಿಕ್ಕರೆ, ಇಸಿಸಿ ಬರುತ್ತದೆ. ದೊಡ್ಡಣ್ಣನಿಗೆ ಕೊಡದ್ದನ್ನು ಇಂಟೆಲ್ ಚಿಕ್ಕವನಿಗೆ ಕೊಟ್ಟಿತ್ತು. ಹೊಸದಾಗಿ ಎಲ್ಲವನ್ನೂ ಕೊಳ್ಳುವವರಾಗಿದ್ದರೆ ಇಸಿಸಿ ಇರುವುದನ್ನೇ ನೋಡಿ ಎನ್ನುತ್ತಿದ್ದೆ. ಇರುವ ಯಂತ್ರವನ್ನು ಅದಕ್ಕಾಗಿ ಎಸೆಯುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಬದಲಿಗೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಪ್ರೋಗ್ರಾಮ್ ಹಾಕಿ ಒಂದು ಇಡೀ ರಾತ್ರಿ ಓಡಿಸಿ. ಒಂದೇ ಒಂದು ದೋಷ ಕಂಡರೂ ಆ ರ‍್ಯಾಮ್ ಪಟ್ಟಿಯನ್ನು ಬದಲಾಯಿಸಿ, ‘ಒಂದೇ ತಾನೇ’ ಎನ್ನಬೇಡಿ.

8 ಜಿಬಿ ರ‍್ಯಾಮ್ ಟ್ರೂನ್ಯಾಸಿನ ಕನಿಷ್ಠ. ನಡೆಯುತ್ತದೆ, ಆದರೆ 16 ಮಾಡಿಕೊಳ್ಳಿ. ಮಿಕ್ಕಿದ್ದನ್ನು ಝಡ್‌ಎಫ್‌ಎಸ್ ಮತ್ತೆ ಮತ್ತೆ ಓದುವ ಫೈಲುಗಳನ್ನು ಇಟ್ಟುಕೊಳ್ಳಲು ಬಳಸುತ್ತದೆ. ಒಂದು ಟಿಬಿಗೆ ಒಂದು ಜಿಬಿ ರ‍್ಯಾಮ್ ಎಂಬ ಸೂತ್ರವನ್ನು ಮನೆಯ ಬಳಕೆಗೆ ತಲೆಗೆ ಹಚ್ಚಿಕೊಳ್ಳುವುದು ಬೇಡ. ಒಂದೇ ದತ್ತಾಂಶದ ನಕಲುಗಳನ್ನು ಒಂದಾಗಿಸುವ ಡಿಡೂಪ್ಲಿಕೇಶನ್ ಎಂಬ ಗುಂಡಿಯನ್ನು ಮಾತ್ರ ಮುಟ್ಟಬೇಡಿ. ಜಾಗ ಉಳಿಸುತ್ತೇನೆಂದು ಆಸೆ ಹುಟ್ಟಿಸಿ ರ‍್ಯಾಮ್ ನುಂಗುತ್ತದೆ.

ಪ್ರೊಸೆಸರ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಗಿಗಾಬಿಟ್ ನೆಟ್‌ವರ್ಕ್ ಸೆಕೆಂಡಿಗೆ ಸುಮಾರು 110 ಎಂಬಿಗಿಂತ ಹೆಚ್ಚು ಹೊರುವುದಿಲ್ಲ. ಅಷ್ಟನ್ನು ನಿಮ್ಮ ಐ5 ಆಕಳಿಸುತ್ತಲೇ ಕೊಡುತ್ತದೆ. ಎನ್‌ಕ್ರಿಪ್ಶನ್‌ಗೆ ಬೇಕಾದ ಎಇಎಸ್ ಸೌಲಭ್ಯವೂ ಅದರಲ್ಲಿದೆ. ಇದೇ ಕಾರಣಕ್ಕೆ ಎಸ್‌ಎಸ್‌ಡಿ ಕ್ಯಾಶೆ ಬೇಕೇ ಎಂಬ ಪ್ರಶ್ನೆಯೂ ಏಳುವುದಿಲ್ಲ: ಒಂದೇ ಹಾರ್ಡ್ ಡಿಸ್ಕು ಸರಾಗವಾಗಿ ಓದುವಾಗ ಆ ತಂತಿಯನ್ನು ತುಂಬಿಸಬಲ್ಲದು. ಸರ್ವರನ್ನು ವೈಫೈಗಲ್ಲ, ಕೇಬಲ್ಲಿಗೆ ಜೋಡಿಸಿ.

ನೀವು ಕೇಳದೇ ಬಿಟ್ಟ ಭಾಗವೊಂದಿದೆ, ಪವರ್ ಸಪ್ಲೈ. ಹಣವಿದ್ದರೆ ಮೊದಲು ಬದಲಾಯಿಸಬೇಕಾದದ್ದು ಅದನ್ನೇ. ಡಿಸ್ಕಿಗೂ ರ‍್ಯಾಮ್‌ಗೂ ಸುರಿದು ಪವರ್ ಸಪ್ಲೈಯಲ್ಲಿ ಉಳಿಸುವುದು ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಂತೆ. ಹಾರ್ಡ್ ಡಿಸ್ಕು ತಿರುಗಲಾರಂಭಿಸುವ ಕೆಲವು ಕ್ಷಣ 12 ವೋಲ್ಟಿನ ತಂತಿಯಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕು ಡಿಸ್ಕುಗಳಾದರೆ ನೂರು ವಾಟಿನ ಹತ್ತಿರ, ಒಟ್ಟಿಗೆ. ವರ್ಷಗಟ್ಟಲೆ ದುಡಿದ ಕೆಪ್ಯಾಸಿಟರುಗಳು ಅಲ್ಲಿ ಒದ್ದಾಡುತ್ತವೆ. ಆಗ ಡಿಸ್ಕು ಬಂದು ಹೋಗಿ ಮಾಡುತ್ತದೆ, ಪೂಲಿನಲ್ಲಿ ದೋಷ ಕಾಣಿಸುತ್ತದೆ, ಮನುಷ್ಯ ಡಿಸ್ಕನ್ನು ಬೈದು ಹೊಸದನ್ನು ಕೊಳ್ಳುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಇಂಥ ಹೊತ್ತಿನಲ್ಲಿ ಸ್ಮಾರ್ಟ್ ವರದಿ ತೆರೆದು ನೋಡಿ. 5, 197, 198 ಸಂಖ್ಯೆಯ ಸಾಲುಗಳು ಏರುತ್ತಿದ್ದರೆ ಡಿಸ್ಕಿನ ಮೈಯೇ ಕೆಟ್ಟಿದೆ. 199 ಮಾತ್ರ ಏರುತ್ತಿದ್ದರೆ ಡಿಸ್ಕು ನಿರಪರಾಧಿ. ಸಾಟಾ ಕೇಬಲ್ ಬದಲಾಯಿಸಿ ನೋಡಿ.

ಪವರ್ ಸಪ್ಲೈಯಲ್ಲಿ ಸಾಟಾ ಪವರ್ ತುದಿಗಳು ಸಾಲದಿದ್ದರೆ ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಗ್ಗದ ತುಂಡು ಕೇಬಲ್ ಸಿಗುತ್ತದೆ. ತಂತಿಗಳ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ದು ಮಾಡಿದ್ದನ್ನು ಕೊಳ್ಳಬೇಡಿ. ಒಳಗೆ ತಂತಿಗಳು ಒಂದಕ್ಕೊಂದು ತೀರ ಹತ್ತಿರ ಬಂದು, ಕಾದು, ಹೊತ್ತಿಕೊಂಡ ಉದಾಹರಣೆಗಳಿವೆ. ಕರಿಕಲಾದ ಅಂಥ ತುದಿಯೊಂದನ್ನು ನಾನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ, ಕೇಳಲು ಬಂದವರಿಗೆ ತೋರಿಸಲು. ಯುಪಿಎಸ್ ಇರಲಿ, ಅದರ ಯುಎಸ್‌ಬಿ ತಂತಿಯನ್ನು ಸರ್ವರಿಗೂ ಸಿಕ್ಕಿಸಿ. ಬ್ಯಾಟರಿ ಮುಗಿಯುವ ಮುನ್ನ ಯಂತ್ರ ತಾನೇ ಕ್ರಮವಾಗಿ ಆರಿಕೊಳ್ಳುತ್ತದೆ.

ಬಯಾಸಿನಲ್ಲಿ ನಾಲ್ಕು ನಿಮಿಷದ ಕೆಲಸವಿದೆ. ಕಚೇರಿಯಿಂದ ಬಂದ ಡೆಸ್ಕ್‌ಟಾಪುಗಳಲ್ಲಿ ಸಾಟಾ ಮೋಡ್ ಹಲವು ಸಲ ರೇಡ್ ಎಂದಿರುತ್ತದೆ, ಡಿಸ್ಕುಗಳು ನೇರವಾಗಿ ಕಾಣುವಂತೆ ಅದನ್ನು ಎಎಚ್‌ಸಿಐ ಮಾಡಿ. ಕರೆಂಟು ಹೋಗಿ ಬಂದಾಗ ತಾನಾಗಿ ಏಳುವಂತೆ ಹೇಳಿ. ಕೀಬೋರ್ಡ್ ಇಲ್ಲವೆಂದು ಮುನಿಸಿಕೊಂಡು ನಿಲ್ಲುವ ಚಾಳಿಯಿದ್ದರೆ ಬಿಡಿಸಿ. ಇಷ್ಟು ವರ್ಷವಾಗಿರುವುದರಿಂದ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ, ಸಿಆರ್2032, ಹೊಸದನ್ನು ಹಾಕಿ; ಅದು ಸತ್ತ ದಿನ ಮೇಲಿನ ಎಲ್ಲ ಸೆಟ್ಟಿಂಗುಗಳೂ ಮರೆತುಹೋಗುತ್ತವೆ.

ಹೊಸ ಡಿಸ್ಕು ಬಂದ ದಿನವೇ ಅದರ ಮೇಲೆ ಫೋಟೊ ಸುರಿಯಬೇಡಿ. ಸ್ಮಾರ್ಟ್‌ನ ದೀರ್ಘ ಪರೀಕ್ಷೆ, ಆಮೇಲೆ ಬ್ಯಾಡ್‌ಬ್ಲಾಕ್ಸ್‌ನ ಬರೆದು ಓದುವ ಪರೀಕ್ಷೆ, ಮತ್ತೆ ಸ್ಮಾರ್ಟ್. ಬ್ಯಾಡ್‌ಬ್ಲಾಕ್ಸ್ ನಾಲ್ಕು ಬಗೆಯ ಮಾದರಿಗಳನ್ನು ಇಡೀ ಡಿಸ್ಕಿಗೆ ಬರೆದು ಮತ್ತೆ ಓದುವುದರಿಂದ 8 ಟಿಬಿಗೆ ನಾಲ್ಕೈದು ದಿನ ಹಿಡಿಯುತ್ತದೆ. ಬ್ಲಾಕ್ ಗಾತ್ರ 4096 ಎಂದು ಹೇಳಿ, ಇಲ್ಲದಿದ್ದರೆ ಇಷ್ಟು ದೊಡ್ಡ ಡಿಸ್ಕಿನಲ್ಲಿ ಅದು ಶುರುವೇ ಆಗುವುದಿಲ್ಲ. ಈ ಪರೀಕ್ಷೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸುತ್ತದೆ, ಆದ್ದರಿಂದ ಯಾವ ಡಿಸ್ಕಿನ ಹೆಸರು ಕೊಡುತ್ತಿದ್ದೀರಿ ಎಂಬುದನ್ನು ಎರಡು ಸಲ ನೋಡಿ. ಹಾಗೆಯೇ ಪ್ರತಿ ಡಿಸ್ಕಿನ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಕಾಣುವ ಕಡೆ ಅಂಟಿಸಿ. ಎರಡರಲ್ಲಿ ಒಂದು ಸತ್ತಾಗ, ಬದುಕಿರುವುದನ್ನು ಕಿತ್ತವರ ಕಥೆಗಳು ನನಗೆ ಗೊತ್ತು.

ಎಲ್ಲ ಸಿದ್ಧವಾಗಿ, ಶೇರ್‌ಗಳನ್ನು ಮಾಡಿ, ಇನ್ನೂ ದತ್ತಾಂಶ ತುಂಬಿಸದ ಹೊತ್ತಿನಲ್ಲಿ ಒಂದು ತಾಲೀಮು ನಡೆಸಿ. ಕಾನ್ಫಿಗರೇಶನ್ ಇಳಿಸಿಕೊಳ್ಳಿ, ಯಂತ್ರ ಆರಿಸಿ, ಬೂಟ್ ಎಸ್‌ಎಸ್‌ಡಿಯನ್ನು ಕಿತ್ತು ಪಕ್ಕಕ್ಕಿಡಿ. ಅದರ ಜಾಗದಲ್ಲಿ ಬೇರೆ ಯಾವುದಾದರೂ ಹಳೆಯ ಎಸ್‌ಎಸ್‌ಡಿ ಹಾಕಿ, ಹೊಸದಾಗಿ ಇನ್‌ಸ್ಟಾಲ್ ಮಾಡಿ, ಕಾನ್ಫಿಗರೇಶನ್ ಏರಿಸಿ, ಪೂಲು ಮತ್ತು ಶೇರ್‌ಗಳು ಮೊದಲಿನಂತೆ ಬಂದವೇ ನೋಡಿ. ಮೊದಲ ಸಲಕ್ಕೆ ಒಂದು ಗಂಟೆ ಹಿಡಿಯಬಹುದು. ನನಗೆ ಈಗ ಅರ್ಧ ಗಂಟೆ ಸಾಕು. ಆ ಇನ್‌ಸ್ಟಾಲರನ್ನು ಹಾಕಿಡುವುದಕ್ಕೆ ಮಾತ್ರ ಪೆನ್‌ಡ್ರೈವ್ ಬೇಕಾಗುತ್ತದೆ. ಕೆಲಸವಾದ ಮೇಲೆ ಅದನ್ನು ಪೆಟ್ಟಿಗೆಯ ಒಳಬದಿಗೆ ಟೇಪ್ ಹಾಕಿ ಅಂಟಿಸಿಬಿಡಿ.